ಮೂಸಿ ನೋಡಿದ ನೀರು

ಮಾರ್ಚ್ 3, ಮಂಗಳವಾರ

ಐಸ್ ಬಾಕ್ಸ್ ತೊಳೆದು ಬಿಸಿಲಿಗಿಟ್ಟೆ. ಗ್ಲೌಸ್ ಎರಡು ಡಬ್ಬ ಇದೆ, ಸಾಕು. ಸ್ಯಾಂಪಲ್ ಬಾಟಲಿಗಳಿಗೆ ಲೇಬಲ್ ಹಚ್ಚುತ್ತಿದ್ದಾಗ ಬಾಸ್ ಹೊಸ ಫೈಲು ತಂದು ಮೇಜಿನ ಮೇಲೆ ಎಸೆದರು.

"ಹಳೇ ಪೆಟ್ರೋಲ್ ಬಂಕು. ಮುಚ್ಚಿ ಆರು ವರ್ಷ ಆಯ್ತು. ನೆಲದೊಳಗೆ ಮೂರು ಟ್ಯಾಂಕ್ ಇನ್ನೂ ಹಾಗೇ ಇದಾವೆ. ಜಾಗ ತಗೊಳ್ಳೋರು ಶಾಲೆ ಕಟ್ತಾರಂತೆ. ಮಣ್ಣು, ನೀರು ಹೇಗಿದೆ ಅಂತ ರಿಪೋರ್ಟ್ ಬೇಕಂತೆ. ನೀನೇ ನೋಡ್ಕೊ."

ಮೊದಲ ಪುಟದಲ್ಲಿ ವಿಳಾಸ. ಎರಡನೇ ಪುಟದಲ್ಲಿ ಮಾಲೀಕನ ಸಹಿ. ಬಾಲ ಎತ್ತಿದ ಚೇಳಿನಂಥ ಸಹಿ. ಅಪ್ಪನನ್ನು ಕೆಲಸದಿಂದ ತೆಗೆದ ಕಾಗದದ ಕೆಳಗೂ ಇದೇ ಇತ್ತು. ಅಮ್ಮ ಆ ಕಾಗದವನ್ನು ಸಾಯುವವರೆಗೂ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಳು.

ಬಾಸ್‌ಗೆ ಹೇಳಬೇಕಿತ್ತು. ನಮಗೆ ಸಂಬಂಧವಿರುವ ಜಾಗದ ಕೆಲಸವನ್ನು ನಾವು ಮುಟ್ಟುವಂತಿಲ್ಲ, ಆಫೀಸಿನ ನಿಯಮ. ಹೇಳಲಿಲ್ಲ. "ಆಯ್ತು ಸರ್" ಅಂದೆ.

ಸಂಜೆ 7

ಅಪ್ಪ ಕಿಟಕಿಯ ಹತ್ತಿರ ಕೂತು ಹೊಸ ಅಂಗಿಯ ಜೇಬನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಾನೆ. ಅವನ ಯಾವ ಅಂಗಿಗೂ ಜೇಬಿಲ್ಲ. ಪ್ಯಾಂಟಿನ ಜೇಬುಗಳಿಗೆ ಬಾಯಿ ಹೊಲಿದಿರುತ್ತಾನೆ. ಬಸ್ ಟಿಕೆಟ್, ಕನ್ನಡಕ, ಎಲ್ಲ ಕೈಯಲ್ಲೇ. ಮೂವತ್ತೆರಡು ವರ್ಷ.

ಬಂಕಿನಲ್ಲಿ ಅಪ್ಪನ ಕೆಲಸ ಅಳತೆ. ಬೆಳಿಗ್ಗೆ ಉದ್ದ ಕೋಲನ್ನು ಟ್ಯಾಂಕಿಗೆ ಇಳಿಸಿ, ಪೆಟ್ರೋಲ್ ಎಷ್ಟಿದೆ ನೋಡಿ, ರಿಜಿಸ್ಟರಿನಲ್ಲಿ ಬರೆಯುವುದು. ಒಂದು ದಿನ ಕಡಿಮೆ ಬಂತು. ನೀನೇ ಕದ್ದೆ ಎಂದ ಬಿಳಿ ಶರಟು. ನಮ್ಮ ಮನೆಯಲ್ಲಿ ಮಾಲೀಕನಿಗೆ ಅದೇ ಹೆಸರು. ಬಂಕಿನಲ್ಲೂ ಕಲೆಯಿಲ್ಲದ ಬಿಳಿ ಶರಟು ಹಾಕುತ್ತಿದ್ದ. ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲರ ಎದುರು ಅಪ್ಪನ ಜೇಬುಗಳನ್ನು ಹೊರಗೆ ಎಳೆಸಿದ. ಪೆಟ್ರೋಲನ್ನು ಯಾರಾದರೂ ಜೇಬಿನಲ್ಲಿ ಕದಿಯುತ್ತಾರೆಯೇ? ಆದರೂ ಎಳೆಸಿದ. ಒಂದು ಕರವಸ್ತ್ರ, ಒಂದು ಪೆನ್ಸಿಲ್ ತುಂಡು ಬಿತ್ತು. ಊಟದ ಡಬ್ಬಿ ಹಿಡಿದು ನಾನು ಅಲ್ಲೇ ನಿಂತಿದ್ದೆ. ಹನ್ನೊಂದು ವರ್ಷ ನನಗೆ.

ಅವನನ್ನು ಬಿಡುವುದಿಲ್ಲ.

ಮಾರ್ಚ್ 5, ಗುರುವಾರ

ಜಾಗ ನೋಡಿ ಬಂದೆ. ಎಷ್ಟು ಸಣ್ಣದು! ಆಗ ಮೈದಾನದ ಹಾಗೆ ಕಾಣುತ್ತಿತ್ತು. ಪಂಪುಗಳನ್ನು ಕಿತ್ತೊಯ್ದಿದ್ದಾರೆ, ನಾಲ್ಕು ಬೋಲ್ಟು ಉಳಿದಿವೆ. ಕಾಂಕ್ರೀಟಿನ ಬಿರುಕಲ್ಲಿ ಹುಲ್ಲು. ಟ್ಯಾಂಕುಗಳ ಮುಚ್ಚಳ ಮೂರೂ ತುಕ್ಕು ಹಿಡಿದಿವೆ. ಎರಡನೇ ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ನಿಂತೆ. ಅಪ್ಪನ ಟ್ಯಾಂಕು ಅದು.

ಕಾರು ಬಂತು. ಇಳಿದವನು ಅವನೇ. ಎಂಬತ್ತರ ಮೇಲಾಗಿದೆ, ಕೈಯಲ್ಲಿ ಊರುಗೋಲು. ಮೈಮೇಲೆ ಅದೇ ಬಿಳಿ, ಅದೇ ಇಸ್ತ್ರಿ.

"ಏನಮ್ಮ, ನೆಲ ಬಗೆಯೋ ಕೆಲಸಕ್ಕೂ ಹೆಂಗಸರು ಬಂದ್ರಾ?"

"ಬಗೆಯೋದು ಮೆಷಿನ್ನು ಸರ್. ನಾನು ಒಳಗೇನಿದೆ ನೋಡ್ತೀನಿ ಅಷ್ಟೇ."

"ಏನೂ ಇಲ್ಲ. ನನ್ನ ಕಾಲದಲ್ಲಿ ಒಂದು ಹನಿ ಸೋರಿಲ್ಲ. ಕೊನೇ ಎಂಟು ವರ್ಷ ಬಾಡಿಗೆಗೆ ಕೊಟ್ಟಿದ್ದೆ. ಆ ಪುಣ್ಯಾತ್ಮ ಸತ್ತುಹೋದ. ಅವನೇನು ಮಾಡಿದ್ನೋ ನನಗೆ ಗೊತ್ತಿಲ್ಲ."

ಯಾರೂ ಕೇಳದೆ ಸೋರಿಕೆಯ ಮಾತು ತೆಗೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ನಕ್ಕು ತಲೆಯಾಡಿಸಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಯಜಮಾನರೇ. ಕುಡಿಸುವವಳು ನಾನು.

ಮಾರ್ಚ್ 9, ಸೋಮವಾರ

ಮೂರು ಬೋರ್ ಆಯಿತು. ಮೊದಲನೆಯದು ಗೇಟಿನ ಹತ್ತಿರ, ಕೆಂಪು ಮಣ್ಣು, ವಾಸನೆಯಿಲ್ಲ. ಎರಡನೇ ಟ್ಯಾಂಕಿನ ಪಕ್ಕದ್ದು ಎಂಟು ಅಡಿಗೆ ಬೂದು ಬಣ್ಣಕ್ಕೆ ತಿರುಗಿತು, ಹತ್ತಕ್ಕೆ ಕಪ್ಪು. ಪೆಟ್ರೋಲಿನ ಆವಿ ಅಳೆಯುವ ಮೀಟರ್ ಹತ್ತಿರ ಹಿಡಿದರೆ ಕೂಗಾಟ.

ಡ್ರಿಲ್ಲರ್ ಮೂಗು ಮುಚ್ಚಿಕೊಂಡು, "ಮೇಡಂ, ಇಲ್ಲೊಂದು ಪಂಪ್ ಕೂರಿಸಿ. ಬಂಕು ನಾಳೆಯಿಂದಲೇ ಶುರು ಮಾಡೋಣ" ಅಂದ. ಇಪ್ಪತ್ತು ವರ್ಷದಿಂದ ನನ್ನ ಜೊತೆ ನೆಲ ಕೊರೆಯುತ್ತಿದ್ದಾನೆ, ಎಲ್ಲದಕ್ಕೂ ಒಂದು ಜೋಕು. ನಾನು ನಕ್ಕಿದ್ದು ನೋಡಿ ಅವನಿಗೇ ಆಶ್ಚರ್ಯ. ಸಾಮಾನ್ಯವಾಗಿ ಇಂಥ ಮಣ್ಣು ಕಂಡರೆ ನಾನು ಗಂಟುಮುಖ ಹಾಕುವವಳು.

ಮೂರೂ ಬೋರಿನ ನೀರಿನ ಮಟ್ಟ ಹಿಡಿದೆ. ನೆಲದಡಿಯ ನೀರು ರಸ್ತೆಯ ಕಡೆ ಹರಿಯುತ್ತಿದೆ. ರಸ್ತೆಯಾಚೆ ಮೊದಲ ಮನೆ ಟೈಲರಮ್ಮನದು. ಅವರ ಅಂಗಳದಲ್ಲಿ ಬಾವಿಯಿದೆ.

ಮಾರ್ಚ್ 10, ಮಂಗಳವಾರ

ಟೈಲರಮ್ಮನ ಬಾವಿಯಿಂದ ನೀರು ತೆಗೆಯಲು ಒಪ್ಪಿಗೆ ಕೇಳಲು ಹೋಗಿದ್ದೆ. ಎಪ್ಪತ್ತು ದಾಟಿದ ಹೆಂಗಸು, ಇನ್ನೂ ಮೆಷಿನ್ ತುಳಿಯುತ್ತಾರೆ. ಈಗ ಬಾವಿ ನೀರು ಬಟ್ಟೆಗೆ, ಗಿಡಕ್ಕೆ ಮಾತ್ರ. ನಲ್ಲಿ ಬರುವವರೆಗೆ ಕುಡಿದದ್ದೆಲ್ಲ ಅದೇ.

"ಒಂದು ಥರಾ ವಾಸನೆ ಇತ್ತಮ್ಮ ಆಗ. ತಂಬಿಗೆಯಲ್ಲಿ ನೀರು ತಗೊಂಡು ಬಂಕಿಗೇ ಹೋಗಿದ್ದೆ. ಅಲ್ಲೊಬ್ಬ ಅಳತೆಯವನಿದ್ದ, ಒಳ್ಳೆಯವನು. ಪಾಪ, ಆಮೇಲೆ ಕಳ್ಳ ಅಂತ ಓಡಿಸಿದ್ರು. ಅವನಿಗೆ ಕೊಟ್ಟೆ. ಮೂಸಿ ನೋಡ್ದ. ಏನೂ ಇಲ್ಲಮ್ಮ, ಕುಡೀರಿ ಅಂದ. ಸರಿ ಅಂತ ಕುಡಿದ್ವಿ."

ಅವನ ಮಗಳು ನಾನೇ ಎಂದು ಹೇಳದೆ ಒಪ್ಪಿಗೆ ಪತ್ರ ಮುಂದಿಟ್ಟೆ. ದಿನವಿಡೀ ಪೆಟ್ರೋಲಿನಲ್ಲಿ ಇದ್ದವನ ಮೂಗಿಗೆ ವಾಸನೆ ಹೇಗೆ ಗೊತ್ತಾಗಬೇಕು? ಅಪ್ಪನ ಮೂಗು ಸತ್ತಿತ್ತು, ಅಷ್ಟೇ.

ಗೋಡೆಯ ಮೇಲೆ ಗಂಡನ ಫೋಟೊ. ರಕ್ತದ ಕಾಯಿಲೆಯಂತೆ. ಮೂರು ವರ್ಷ ಆಸ್ಪತ್ರೆಗೆ ಓಡಾಡಿ ನಲವತ್ತೆಂಟಕ್ಕೆ ಹೋದರಂತೆ. ನೀರಿನಿಂದಲೇ ಎಂದು ಯಾರೂ ಹೇಳಲಾರರು. ಅಲ್ಲ ಎಂದೂ ಹೇಳಲಾರರು. ಇದನ್ನೂ ಬಿಳಿ ಶರಟಿನ ತಲೆಗೇ ಕಟ್ಟುತ್ತೇನೆ.

ಮಾರ್ಚ್ 12, ಗುರುವಾರ

ಇವತ್ತು ನೀರು ತೆಗೆದೆ. ಮೂರು ಬೋರು, ಒಂದು ಬಾವಿ.

ಡ್ರಿಲ್ಲರ್ ಲಾರಿ ಬರಲು ಎರಡು ಗಂಟೆ ತಡವೆಂದು ಫೋನು. ನೀರೆತ್ತುವ ಪಂಪಿನ ಜನರೇಟರಿಗೆ ಪೆಟ್ರೋಲ್ ಅವನ ಲಾರಿಯಲ್ಲೇ ಬರಬೇಕು. ಕಾಯುವ ತಾಳ್ಮೆ ಎಲ್ಲಿಂದ ತರಲಿ? ನಾನೇ ಒಂದು ಕ್ಯಾನ್ ತುಂಬಿಸಿ ಆಫೀಸಿನ ಜೀಪಿನ ಹಿಂದೆ ಹಾಕಿಕೊಂಡು ಹೋದೆ. ಹನ್ನೊಂದಕ್ಕೆಲ್ಲ ಕೆಲಸ ಮುಗಿಯಿತು.

ಡ್ರಿಲ್ಲರ್ ಬಂದವನು ಐಸ್ ಬಾಕ್ಸಿನಲ್ಲಿ ಇಣುಕಿ, "ಈ ಸೀಲ್ ಹಾಕಿದ ಬಾಟಲಿ ತುಂಬ್ಕೊಂಡೇ ಬರುತ್ತೆ, ಹಾಗೇ ವಾಪಸ್ ಹೋಗುತ್ತೆ. ಅತ್ತೆ ಮನೆಗೆ ಬಂದ ಅಳಿಯನ ಹಾಗೆ, ಏನೂ ಕೆಲಸ ಇಲ್ಲ" ಅಂದ.

"ಅದರೊಳಗೆ ಲ್ಯಾಬಿನ ಶುದ್ಧ ನೀರಿದೆ. ದಾರಿಯಲ್ಲಿ ನಾವೇ ಏನಾದ್ರೂ ಕೊಳಕು ಸೇರಿಸಿದ್ರೆ ಅದು ಹೇಳುತ್ತೆ."

"ಅಂದ್ರೆ ಚಾಡಿಕೋರ ಅಳಿಯ."

ನಕ್ಕೆವು. ಎಲ್ಲ ಬಾಟಲಿ ಲ್ಯಾಬಿಗೆ ಹೋಯಿತು.

ಮಾರ್ಚ್ 20, ಶುಕ್ರವಾರ

ಬಂತು!! ಎರಡನೇ ಬೋರಿನಲ್ಲಿ ಬೆಂಜೀನ್, ಪೆಟ್ರೋಲಿನೊಳಗಿನ ವಿಷ, ಮಿತಿಯ ಸಾವಿರ ಪಟ್ಟು. ಬಾವಿಯಲ್ಲೂ ಅರವತ್ತು ಪಟ್ಟು. ಮೂರು ಸಲ ಓದಿದೆ. ಹೊಟ್ಟೆ ತಣ್ಣಗಾಯಿತು. ಲ್ಯಾಬು ಅಂಕಿಗಳನ್ನು ಮಾತ್ರ ಕಳಿಸಿದೆ, ಪೂರ್ತಿ ರಿಪೋರ್ಟ್ ನಾಳೆಯಂತೆ. ಯಾರಿಗೆ ಬೇಕು ಪೂರ್ತಿ! ಶಾಲೆಯವರಿಗೂ ಬಿಳಿ ಶರಟಿಗೂ ಆಗಲೇ ಮೇಲ್ ಹಾಕಿದೆ.

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿಬಿಟ್ಟೆ. ಈ ಕೆಲಸ ಹಿಡಿದಿದ್ದು, ಬೋರು, ಅಂಕಿ, ಎಲ್ಲ.

"ಟ್ಯಾಂಕ್ ಸೋರ್ತಿತ್ತು ಅಪ್ಪ. ನೀನು ಕದ್ದಿಲ್ಲ. ಈಗ ಕಾಗದದ ಮೇಲೆ ಬಂತು."

ಅಳುತ್ತಾನೆ ಅಂದುಕೊಂಡಿದ್ದೆ. ಕೈ ತಟ್ಟೆಯಲ್ಲೇ ನಿಂತಿತು.

"ಎದುರು ಮನೆ ಬಾವಿ... ಅದನ್ನೂ ನೋಡಿದ್ಯಾ?"

"ನೋಡ್ದೆ. ಅದರಲ್ಲೂ ಇದೆ."

ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಬಹಳ ಹೊತ್ತು ತೊಳೆದ. ಇಷ್ಟು ವರ್ಷದ ಗಾಯ, ಮುಟ್ಟಿದರೆ ನೋಯುತ್ತದೆ.

ಮಾರ್ಚ್ 21, ಶನಿವಾರ. ಬೆಳಿಗ್ಗೆ 10.40

ಲ್ಯಾಬಿನಿಂದ ಫೋನು. ಸೀಲ್ ಬಾಟಲಿಯಲ್ಲೂ ಪೆಟ್ರೋಲಿನ ಅಂಶ.

ಕ್ಯಾನ್. ಆ ಕ್ಯಾನ್. ಐಸ್ ಬಾಕ್ಸಿಗೆ ತಾಗಿಕೊಂಡೇ ಇತ್ತು. ಇಂಧನ ಮತ್ತು ಬಾಟಲಿ ಒಂದೇ ಗಾಡಿಯಲ್ಲಿ ಬರಕೂಡದು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಕಲಿಸುವ ಪಾಠ. ಹದಿನೆಂಟು ವರ್ಷದಿಂದ ಕಲಿಸುತ್ತಿರುವವಳು ನಾನು!

ಇಡೀ ಬ್ಯಾಚ್ ರದ್ದು. ಕಾರಣ ಬರೆದು ಶಾಲೆಯವರಿಗೂ ಬಿಳಿ ಶರಟಿಗೂ ಮತ್ತೆ ಮೇಲ್ ಹಾಕಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ನನ್ನ ಕೈಯಾರೆ.

ಮಾರ್ಚ್ 23, ಸೋಮವಾರ

ಬಾಸ್ ಕ್ಯಾಬಿನ್ನು. ಬಿಳಿ ಶರಟು ಮೊದಲೇ ಬಂದು ಕೂತಿದ್ದ. ಊರುಗೋಲಿನ ಮೇಲೆ ಎರಡೂ ಕೈ.

"ಮೊದಲನೇ ದಿನವೇ ಗೊತ್ತಾಯ್ತು ನನಗೆ. ಮುಖದ ಮೇಲೆ ಅದೇ ಮೂಗು. ಏನು ಮಾಡ್ತಾಳೆ ನೋಡೋಣ ಅಂತ ಸುಮ್ಮನಿದ್ದೆ." ಬಾಸ್ ಕಡೆ ತಿರುಗಿದ. "ಇವಳಪ್ಪ ನನ್ನ ಬಂಕಲ್ಲಿ ಪೆಟ್ರೋಲ್ ಕದ್ದ. ಮಗಳು ಅದೇ ಪೆಟ್ರೋಲ್ ತಂದು ಬಾಟಲಿಗೆ ಹಾಕಿದಾಳೆ. ರಕ್ತ ಎಲ್ಲಿಗೆ ಹೋಗುತ್ತೆ?"

ಹಾಕಿಲ್ಲ ಎಂದೆ. ಬೇಕೆಂದು ಮಾಡಿದ್ದಲ್ಲ ಎಂದು ಬಾಸ್‌ಗೆ ಗೊತ್ತು. ಆದರೆ ಸಂಬಂಧ ಮುಚ್ಚಿಟ್ಟಿದ್ದು ಸುಳ್ಳಲ್ಲವಲ್ಲ. ಅವನು ಹೋದ ಮೇಲೆ ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಈ ಫೈಲ್ ಇಲ್ಲಿಡು. ಎರಡನೇ ಸಲ ನಾನೇ ತೆಗೀತೀನಿ. ನೀನು ಆ ಗೇಟಿನೊಳಗೆ ಕಾಲಿಡಬೇಡ."

ಅವನ ಬಿಳಿ ಶರಟಿಗೆ ಆ ಕಪ್ಪು ಮಣ್ಣನ್ನು ಮೆತ್ತಬೇಕು. ಕುತ್ತಿಗೆವರೆಗೆ ಹೂಳಬೇಕು, ಎರಡನೇ ಟ್ಯಾಂಕಿನ ಪಕ್ಕದಲ್ಲೇ. ಬರೆದರೆ ಇಳಿಯುತ್ತದೆ ಅಂದುಕೊಂಡೆ. ಇಳಿಯಲಿಲ್ಲ.

ಏಪ್ರಿಲ್ 7, ಮಂಗಳವಾರ

ಎರಡು ವಾರ ಏನೂ ಬರೆದಿಲ್ಲ. ಬರೆಯಲು ಏನಿತ್ತು? ಬೇರೆ ಬೇರೆ ಫೈಲು, ಮನೆ, ಅರ್ಧ ಊಟಕ್ಕೇ ಏಳುವ ಅಪ್ಪ.

ಇವತ್ತು ಬಾಸ್ ಮೇಜಿನ ಹತ್ತಿರ ನಿಂತು, ಎತ್ತಲೋ ನೋಡುತ್ತ, "ಸೀಲ್ ಬಾಟಲಿ ಕ್ಲೀನ್. ಎರಡನೇ ಬೋರು ಒಂಬೈನೂರು ಪಟ್ಟು. ಬಾವಿ ನಲವತ್ತು" ಅಂದರು. ಸ್ವಲ್ಪ ತಡೆದು, "ನೀನು ಹೇಳಿದ್ದು ಸರಿಯಿತ್ತು. ಅವಸರ ತಪ್ಪು."

ಟೈಲರಮ್ಮನ ಬಾವಿಗೆ 'ಈ ನೀರು ಕುಡಿಯಬಾರದು' ಎಂಬ ಬೋರ್ಡು ಬಿದ್ದಿದೆಯಂತೆ. ಮೂವತ್ತೆರಡು ವರ್ಷ ತಡವಾಗಿ.

ಸೋರಿದ್ದು ಖಂಡಿತ. ಇನ್ನು ಯಾವಾಗ ಸೋರಿದ್ದು ಎಂಬುದೊಂದೇ ಪ್ರಶ್ನೆ. ಬಿಳಿ ಶರಟಿನ ಕಾಲದಲ್ಲಾದರೆ ಅವನೇ ಹೊಣೆ. ಎಲ್ಲವನ್ನೂ ಸತ್ತ ಬಾಡಿಗೆಯವನ ಮೇಲೆ ಹಾಕಿದರೆ ಪಾರು. ಮಾಲಿನ್ಯ ಮಂಡಳಿಯ ಅಧಿಕಾರಿ ಹಳೆಯ ದಾಖಲೆ ಕೇಳಿದ್ದಾರಂತೆ, ಎಲ್ಲರನ್ನೂ ಕೂರಿಸಿ ಮೀಟಿಂಗಿನಲ್ಲಿ ತೀರ್ಮಾನಿಸುತ್ತಾರಂತೆ. ಸುಟ್ಟು ಬೂದಿ ಮಾಡಿರುತ್ತಾನೆ.

ಏಪ್ರಿಲ್ 10, ಶುಕ್ರವಾರ

ಸುಟ್ಟಿರಲಿಲ್ಲ. ತಾನಾಗಿ ತಂದುಕೊಟ್ಟ. ಬಟ್ಟೆಯಲ್ಲಿ ಸುತ್ತಿದ ಅಳತೆ ರಿಜಿಸ್ಟರು. ಬಾಸ್ ಕರೆದು ತೋರಿಸಿದರು, "ಇದು ನಿಮ್ಮಪ್ಪನ ಅಕ್ಷರವಾ ಅಂತ ಹೇಳು ಸಾಕು."

ಅಪ್ಪನದೇ. ಕೆಲಸ ಹೋಗುವ ಮೊದಲಿನ ಎರಡು ವರ್ಷ. ದಿನಕ್ಕೊಂದು ಸಾಲು, ಗುಂಡಗೆ, ಮುದ್ದಾಗಿ. ತಾರೀಕು, ಟ್ಯಾಂಕು, ಕೋಲಿನ ಅಳತೆ, ಕೊನೆಗೆ ಒಂದು ಪದ — ಸರಿ. ಸರಿ. ಸರಿ. ಒಂದು ದಿನವೂ ಕಡಿಮೆಯಿಲ್ಲ. ಅಪ್ಪನ ಕೊನೆಯ ದಿನದ ಪುಟ ಇಲ್ಲ. ಹರಿದಿದೆ.

ಅರ್ಥವಾಯಿತು, ಯಾಕೆ ಸುಡಲಿಲ್ಲ ಎಂದು. ನನ್ನ ಕಾಲದಲ್ಲಿ ಸೋರಿಲ್ಲ, ಅಳತೆಯವನೇ ಬರೆದಿದ್ದಾನೆ ನೋಡಿ ಎನ್ನುತ್ತಾನೆ. ಅಲ್ಲ ಎನ್ನಬೇಕಾದರೆ ಅಪ್ಪ ಸುಳ್ಳು ಬರೆದ ಎನ್ನಬೇಕು. ಕಳ್ಳನಲ್ಲ, ಸುಳ್ಳುಗಾರ. ಮುದುಕ ಎಂಥ ಗುಂಡಿ ತೋಡಿದ್ದಾನೆ!

ಅಕ್ಷರ ಅಪ್ಪನದೇ ಎಂದು ಒಪ್ಪಿ ಬಂದೆ. ಮೈಯೆಲ್ಲ ಉರಿ.

ಏಪ್ರಿಲ್ 11, ಶನಿವಾರ. ಮಧ್ಯಾಹ್ನ

ಕೇಳಿದೆ. ಸುತ್ತಿಬಳಸದೆ ಕೇಳಿದೆ.

"ದಿನಾ ಸರಿ ಅಂತ ಬರೆದಿದ್ಯಲ್ಲ ಅಪ್ಪ, ಅದು ಸರಿಯಿತ್ತಾ?"

ತಲೆಯೆತ್ತಲಿಲ್ಲ. "ಇರಲಿಲ್ಲ ಪುಟ್ಟಿ. ದಿನಾ ಕಡಿಮೆ ಬರೋದು. ಮೊದಲನೇ ದಿನಾನೇ ಹೇಳ್ದೆ. ಧಣಿ, ಸರಿ ಅಂತ ಬರಿ, ಇಲ್ಲಾ ಮನೆಗೆ ಹೋಗು ಅಂದ್ರು. ನಿಮ್ಮಮ್ಮನಿಗೆ ಆಗ ಹುಷಾರಿರಲಿಲ್ಲ. ಬರೆದೆ."

"ಎರಡು ವರ್ಷ?"

"ಎರಡು ವರ್ಷ."

"ಟೈಲರಮ್ಮ ತಂಬಿಗೆ ತಂದಾಗ..."

"ಗೊತ್ತಾಯ್ತು." ಕನ್ನಡಕವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಮೂಗಿಗೆ ಹೊಡೀತು. ಧಣಿ ಒಳಗಿಂದ ನೋಡ್ತಾ ಇದ್ರು. ಏನೂ ಇಲ್ಲಮ್ಮ, ಕುಡೀರಿ ಅಂದೆ. ಅವರ ಗಂಡ ಆಸ್ಪತ್ರೆ ಸೇರಿದ್ರು ಅಂತ ಕೇಳಿದ ಮೇಲೆ ಕೈ ಬರಲಿಲ್ಲ. ಮಾರನೇ ದಿನ ಇದ್ದದ್ದು ಇದ್ದ ಹಾಗೆ ಬರೆದೆ. ಇಷ್ಟು ಕಡಿಮೆ, ಟ್ಯಾಂಕ್ ಸೋರ್ತಿದೆ ಅಂತ. ಆ ಪುಟ ಹರಿದ್ರು. ಆಮೇಲೆ ಜೇಬು... ನೀನು ನೋಡಿದ್ಯಲ್ಲ."

ನೋಡಿದ್ದೆ. ಮೂವತ್ತೆರಡು ವರ್ಷ ಅದೊಂದನ್ನೇ ನೋಡುತ್ತ ಬಂದಿದ್ದೆ.

ನನ್ನ ಅಪ್ಪ ನಿರಪರಾಧಿ ಎಂದುಕೊಂಡೇ ಇಷ್ಟು ವರ್ಷ ಹಲ್ಲು ಕಡಿದೆ. ಈಗ ಅದೇ ಸಿಟ್ಟು ಇವನ ಮೇಲೂ ತಿರುಗಿದೆ. ಅಪ್ಪನ ಮೇಲೆ ಕೈಯೆತ್ತುವ ಹಾಗಿತ್ತು ನನಗೆ. ಎದ್ದು ಹೊರಗೆ ಬಂದೆ.

ಏಪ್ರಿಲ್ 12

ಬೇರೆ ಬೇರೆ ಹೊತ್ತಿಗೆ ಉಂಡೆವು, ಇಬ್ಬರೂ.

ಏಪ್ರಿಲ್ 13, ಸೋಮವಾರ

ಬೆಳಿಗ್ಗೆ ಟೀ ತಂದು ಮುಂದಿಟ್ಟ ಅಪ್ಪ.

"ಮೀಟಿಂಗ್ ಯಾವತ್ತು?"

"ಬುಧವಾರ. ನೀನು ಬರಬೇಕಾಗಿಲ್ಲ. ಬಂದ್ರೆ ನಿನ್ನ ಹೆಸರೇ ಹಾಳಾಗೋದು. ಅವನಿಗೆ ಬೇಕಾಗಿರೋದೂ ಅದೇ."

"ನಾನು ಬರದೇ ಇದ್ರೆ ಅವರು ತಪ್ಪಿಸ್ಕೊಳ್ತಾರಾ?"

ಹೂಂ ಎಂದೆ. ಎನ್ನಬಾರದಿತ್ತೇನೋ. ಆದರೆ ಎಂದೆ, ಬೇಕೆಂದೇ. ಬಿಳಿ ಶರಟು ಬೀಳಬೇಕು. ಅದಕ್ಕೆ ಅಪ್ಪನನ್ನು ಮುಂದೆ ತಳ್ಳಬೇಕಾದರೂ ಸರಿ. ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ಏಪ್ರಿಲ್ 15, ಬುಧವಾರ. ಸಂಜೆ 5.30

ಮುಗಿಯಿತು. ಅಧಿಕಾರಿ ಮೇಡಂ, ಶಾಲೆಯವರು ಇಬ್ಬರು, ಬಾಸ್, ಬಿಳಿ ಶರಟು, ಅಪ್ಪ. ನನಗೆ ಬಾಗಿಲ ಪಕ್ಕದ ಕುರ್ಚಿ, ಬಾಯಿ ತೆರೆಯಬಾರದೆಂಬ ಷರತ್ತು.

ಅಪ್ಪ ಎದ್ದು ನಿಂತ. ಕೂತು ಹೇಳಿ ಎಂದರು ಮೇಡಂ. ಕೂರಲಿಲ್ಲ. ರಿಜಿಸ್ಟರು ಎಳೆದುಕೊಂಡು, ಕನ್ನಡಕ ಏರಿಸಿ, ಮೊದಲ ಸಾಲಿನ ಮೇಲೆ ಬೆರಳಿಟ್ಟ.

"ಸರಿ ಅಂತ ಬರೆದಿದೀನಿ. ಸರಿ ಇರಲಿಲ್ಲ." ಮುಂದಿನ ಸಾಲು. "ಇದೂ ಇರಲಿಲ್ಲ." ಮುಂದಿನದು. "ಇದೂ."

ಹೀಗೆ ಮೂರು ಪುಟ. ಸಾಕು ಎಂದರೂ ನಿಲ್ಲಿಸಲಿಲ್ಲ. ಬಿಳಿ ಶರಟು ಊರುಗೋಲು ಕುಟ್ಟಿ, "ಕಳ್ಳನ ಮಾತು ನಂಬ್ತೀರಾ?" ಎಂದು ಕೂಗಿದ.

ಅಪ್ಪ ಅವನ ಕಡೆ ತಿರುಗಿದ. "ಕದ್ದಿಲ್ಲ ಧಣಿ, ನಿಮಗೂ ಗೊತ್ತು. ನೀವು ಹೇಳಿದ್ರಿ, ನಾನು ಬರೆದೆ. ಪಾಪ ಇಬ್ಬರದೂ. ಹರಿದ ಪುಟದಲ್ಲಿ ಏನಿತ್ತು ಅಂತ ನೀವು ಹೇಳ್ತೀರೋ, ನಾನೇ ಹೇಳಲೋ?"

ಅಧಿಕಾರಿ ಮೇಡಂ ಹರಿದ ಅಂಚನ್ನು ಬೆರಳಿಂದ ಸವರಿ, "ಯಜಮಾನರೇ, ಪುಟ ಎಲ್ಲಿ?" ಎಂದರು. ಕೊನೆಗೆ ಅಪ್ಪನೇ ಹೇಳಿದ, ಮೇಡಂ ಬರೆದುಕೊಂಡು ಆದೇಶ ಕೊಟ್ಟರು. ಜಾಗ ಈಗ ಯಾರಿಗೂ ಮಾರುವ ಹಾಗಿಲ್ಲ. ಅಗೆಸಿ, ಮಣ್ಣು ತೆಗೆಸಿ, ನೀರು ಶುಚಿ ಮಾಡಿಸುವ ಹೊಣೆ ಅವನದೇ. ಕೇಸು ಬೇರೆ.

ಇಷ್ಟು ವರ್ಷ ಕಾದದ್ದು ಆ ಮುಖ ಬಾಡುವುದನ್ನು ನೋಡಲು. ಬಾಡಿತಂತೆ, ಬಾಸ್ ಹೇಳಿದರು. ನಾನು ಅಪ್ಪನ ಬೆರಳನ್ನೇ ನೋಡುತ್ತಿದ್ದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಅಪ್ಪ, "ನಾಳೆ ಟೈಲರಮ್ಮನ ಹತ್ರ ಕರ್ಕೊಂಡು ಹೋಗು. ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು" ಅಂದ.

ಏಪ್ರಿಲ್ 16, ಗುರುವಾರ. ಬೆಳಿಗ್ಗೆ 9.20

ಟೈಲರಮ್ಮನ ಮನೆಯ ಗೇಟಿನ ಹೊರಗೆ, ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಒಳಗೆ ಬರಬೇಡ ಎಂದ ಅಪ್ಪ. ಅಂಗಳ ಪೂರ್ತಿ ಕಾಣುತ್ತದೆ. ಬಾವಿಗೆ ಬಾಸ್ ಹಾಕಿಸಿದ ಬೋರ್ಡು, ಕೆಂಪು ಅಕ್ಷರ.

ಅಪ್ಪ ಹೇಳುತ್ತಿದ್ದಾನೆ. ಮಾತು ಕೇಳಿಸುತ್ತಿಲ್ಲ. ಟೈಲರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ. ಹೊಲಿಗೆಯ ಟೇಪು ಕುತ್ತಿಗೆಯಲ್ಲೇ ಇದೆ.

9.35

ಟೈಲರಮ್ಮ ಕುತ್ತಿಗೆಯ ಟೇಪು ತೆಗೆದು ಸುತ್ತುತ್ತಿದ್ದಾರೆ. ಬೈಗುಳವಿಲ್ಲ. ಬೈದರೆ ಒಳ್ಳೆಯದು. ನಾನಾಗಿದ್ದರೆ ಕತ್ತರಿ ಎತ್ತುತ್ತಿದ್ದೆ.

9.40

ಟೈಲರಮ್ಮ ಅಂಗಳಕ್ಕಿಳಿದರು. ಬಾವಿಗೆ ಕೊಡ ಬಿಟ್ಟರು. ರಾಟೆ ಕಿರುಗುಟ್ಟುತ್ತಿದೆ. ಸೇದಿದರು. ಒಳಗೆ ಹೋಗಿ ತಂಬಿಗೆ ತಂದರು, ಹಳೆಯ ಹಿತ್ತಾಳೆಯದು. ತುಂಬಿ ಅಪ್ಪನ ಮುಂದೆ ಹಿಡಿದರು. ಈಗ ಅವರ ದನಿ ಇಲ್ಲಿಯವರೆಗೂ ಕೇಳಿಸಿತು.

"ಏನೂ ಇಲ್ಲಪ್ಪ. ಕುಡಿ."

ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ಬೋರ್ಡಿನ ಕಡೆ ನೋಡಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ಎತ್ತುತ್ತಿದ್ದಾನೆ. ಮೂಸಿ ನೋಡುತ್ತಿಲ್ಲ. ಟೈಲರಮ್ಮನ ಕೈ ಮುಂದಕ್ಕೆ ಬಂತು, ತಡೆಯುವುದಕ್ಕೋ ಒತ್ತುವುದಕ್ಕೋ ಗೊತ್ತಾಗುತ್ತಿಲ್ಲ, ನಾನು ಗೇಟು ತಳ್ಳಿ—